ಐನಾಪುರದ ದಾರಿಯಲ್ಲಿ ಒಂದು ಪುಟ್ಟ ಕ್ಯಾಮೆರಾ

ಕಲಬುರಗಿ ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣೆದುರು ಬರುವುದು ಉರಿಬಿಸಿಲು, ತೊಗರಿ ಹೊಲ, ಶಹಾಬಾದ್ ಕಲ್ಲು ಮತ್ತು ಸಿಮೆಂಟ್ ಕಾರ್ಖಾನೆಗಳ ಚಿಮಣಿ. ವಾಡಿಯಿಂದ ಸಿಕಂದರಾಬಾದಿನ ಕಡೆಗೆ ರೈಲಿನಲ್ಲಿ ಹೋದವರು ಕಿಟಕಿಯಿಂದಲೇ ಚಿತ್ತಾಪುರ, ಸೇಡಂಗಳನ್ನು ನೋಡಿ, ಇಲ್ಲಿ ಕಲ್ಲಲ್ಲದೆ ಬೇರೇನೂ ಇಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಅಂಥವರನ್ನು ಒಮ್ಮೆ ಚಿಂಚೋಳಿ ತಾಲ್ಲೂಕಿನ ಐನಾಪುರದ ದಾರಿಯಲ್ಲಿ ಕರೆದೊಯ್ಯಬೇಕು. ಬೆಳಗಾವಿ ಜಿಲ್ಲೆಯಲ್ಲೂ ಒಂದು ಐನಾಪುರವಿದೆ. ನಾನು ಹೇಳುತ್ತಿರುವುದು ತೆಲಂಗಾಣದ ಗಡಿಗೆ ಹತ್ತಿರವಿರುವ ನಮ್ಮ ಐನಾಪುರ. ಈ ಭಾಗದಲ್ಲಿ ಕಪ್ಪು ಎರೆಭೂಮಿಯ ನಡುವೆ ಕೆಂಪು ಜಂಬಿಟ್ಟಿಗೆಯ ಗುಡ್ಡಗಳು ಏಳುತ್ತವೆ, ಗುಡ್ಡದ ಮೇಲೆ ಕಾಡು ಕಾಣುತ್ತದೆ, ಕಾಡಿನ ಮಡಿಲಲ್ಲಿ ಚಂದ್ರಂಪಳ್ಳಿ ಅಣೆಕಟ್ಟಿನ ನೀರು ನಿಂತಿದೆ.

ಚಿಂಚೋಳಿಯ ಈ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅದರ ವಿಸ್ತೀರ್ಣ 134.88 ಚದರ ಕಿಲೋಮೀಟರ್. ಕೃಷ್ಣಮೃಗ, ತೋಳ, ಕತ್ತೆಕಿರುಬ, ನರಿಗಳು ಇಲ್ಲಿವೆ. ಅಣೆಕಟ್ಟು ಕಟ್ಟಿರುವುದು ಸರನಾಲಾ ಎಂಬ ಹೊಳೆಗೆ. ಅದರ ನೀರು ಮುಲ್ಲಾಮಾರಿಗೆ, ಮುಲ್ಲಾಮಾರಿ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ ಸೇರುತ್ತದೆ. ನಮ್ಮ ಮಕ್ಕಳಿಗೆ ಈ ಸರಪಳಿಯನ್ನು ನಕ್ಷೆಯಲ್ಲಿ ತೋರಿಸುವುದಕ್ಕಿಂತ ನೀರಿನ ದಂಡೆಯಲ್ಲಿ ನಿಲ್ಲಿಸಿ ತೋರಿಸುವುದು ಲೇಸೆಂದು ನಾನು ಪ್ರತಿವರ್ಷ ಒಂಬತ್ತನೇ ತರಗತಿಯವರನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಈ ಲೇಖನ ಅಂಥ ಎರಡು ಪ್ರವಾಸಗಳ ಕಥೆ. ಜೊತೆಗೆ ಒಂದು ಪುಟ್ಟ ಕ್ಯಾಮೆರಾ ನನಗೆ, ಮೂವತ್ತು ವರ್ಷದಿಂದ ಬೆಳಕಿನ ಪಾಠ ಮಾಡುತ್ತಿರುವ ಮೇಷ್ಟರಿಗೆ, ಕಲಿಸಿದ ಪಾಠದ ಕಥೆಯೂ ಹೌದು.

ನೂರನಲವತ್ತು ಚಿತ್ರ, ಹನ್ನೊಂದು ಪಾಸು

ಕ್ಯಾಮೆರಾ ಬಂದದ್ದು ಬೆಂಗಳೂರಿನಲ್ಲಿರುವ ನನ್ನ ಅಳಿಯನಿಂದ. ಒಳ್ಳೆಯ ಮೊಬೈಲು ಕೊಂಡ ಮೇಲೆ ಅವನಿಗೆ ಅದು ಬೇಡವಾಗಿತ್ತು. ಅಂಗೈಯಲ್ಲಿ ಹಿಡಿಯುವಂಥದು, ಗುಂಡಿ ಒತ್ತಿದರೆ ಮೂತಿ ಮುಂದೆ ಬಂದು ದೂರದ್ದನ್ನು ಹತ್ತುಪಟ್ಟು ಹತ್ತಿರ ಎಳೆದು ತೋರಿಸುವಂಥದು. ನಮ್ಮ ಮಕ್ಕಳಿಗೆ ಅದೊಂದು ದುರ್ಬೀನೇ ಆಗಿಹೋಯಿತು.

ಜನವರಿಯ ಒಂದು ಭಾನುವಾರ ಎರಡು ಕ್ರೂಸರ್ ಗಾಡಿಗಳಲ್ಲಿ ಹೊರಟೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯದ ಬುತ್ತಿ. ಹೊರಡುವುದು ತಡವಾಗಿ, ಅಣೆಕಟ್ಟು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಮಕ್ಕಳು ಸರದಿಯಂತೆ ಕ್ಯಾಮೆರಾ ಹಿಡಿದು, ಎಲ್ಲವನ್ನೂ ಪೂರಾ ಎಳೆದು, ಕಂಡದ್ದನ್ನೆಲ್ಲ ತೆಗೆದರು. ಲೆಕ್ಕ ಹಾಕಿದರೆ ನೂರನಲವತ್ತು ಚಿತ್ರ.

ಮರುದಿನ ಶಾಲೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ ಎಲ್ಲರ ಮುಖವೂ ಸಪ್ಪಗಾಯಿತು. ಕ್ಯಾಮೆರಾದ ಹಿಂದಿನ ಮೂರು ಅಂಗುಲದ ಪರದೆಯಲ್ಲಿ ಚೊಕ್ಕವಾಗಿ ಕಂಡಿದ್ದ ಹಕ್ಕಿಗಳು ದೊಡ್ಡ ಪರದೆಯಲ್ಲಿ ಹತ್ತಿಯ ಉಂಡೆಗಳಂತಿದ್ದವು. ಗೆಳೆಯರ ಮುಖದಲ್ಲಿ ಮೂರು ಮೂರು ಮೂಗು. ಮಸುಕಿಲ್ಲದವು ಬರೀ ಹನ್ನೊಂದು. "ಸರ್, ಕ್ಯಾಮೆರಾ ಕೆಟ್ಟದ್ರೀ" ಎಂದರು ಮಕ್ಕಳು. ಕೆಟ್ಟಿರಲಿಲ್ಲ. ನಾವು ಅದರ ಮಾತು ತಿಳಿದುಕೊಂಡಿರಲಿಲ್ಲ, ಅಷ್ಟೇ.

ಕರಿಹಲಗೆಯ ಮೇಲೆ ಲೆಕ್ಕ

ಮಸುಕಿಗೆ ಕಾರಣ ಹುಡುಕುವುದನ್ನೇ ಒಂದು ವಾರದ ಪಾಠ ಮಾಡಿದೆ. ಈ ಲೆಕ್ಕ ಕಷ್ಟದ್ದಲ್ಲ, ಏಳನೇ ತರಗತಿಯವರೂ ಮಾಡಬಹುದು.

ನಮ್ಮ ಕ್ಯಾಮೆರಾದ ಚಿತ್ರದ ಅಗಲ 4000 ಚುಕ್ಕೆಗಳು. ಇವನ್ನೇ ಪಿಕ್ಸೆಲ್ ಎನ್ನುತ್ತಾರೆ. ಮೂತಿಯನ್ನು ಎಳೆಯದಿದ್ದಾಗ ಕ್ಯಾಮೆರಾ ಎಡದಿಂದ ಬಲಕ್ಕೆ ಸುಮಾರು 70 ಡಿಗ್ರಿಯಷ್ಟು ಜಗತ್ತನ್ನು ನೋಡುತ್ತದೆ. ಪೂರಾ ಎಳೆದಾಗ ನೋಡುವುದು ಸುಮಾರು 8 ಡಿಗ್ರಿ ಮಾತ್ರ. ಅಂದರೆ ಎಳೆಯದಿದ್ದಾಗ ಒಂದು ಡಿಗ್ರಿಗೆ 57 ಚುಕ್ಕೆ, ಎಳೆದಾಗ ಒಂದು ಡಿಗ್ರಿಗೆ 500 ಚುಕ್ಕೆ. ಈಗ ಕ್ಯಾಮೆರಾ ಹಿಡಿದ ಕೈ ಸೆಕೆಂಡಿಗೆ ಒಂದೇ ಒಂದು ಡಿಗ್ರಿಯ ವೇಗದಲ್ಲಿ ಸರಿಯುತ್ತಿದೆ ಎಂದುಕೊಳ್ಳೋಣ. ಷಟರ್ ಒಂದು ಸೆಕೆಂಡಿನ ಅರವತ್ತನೇ ಒಂದು ಭಾಗ, ಅಂದರೆ 1/60 ಸೆಕೆಂಡು ತೆರೆದಿದ್ದರೆ, ಎಳೆಯದ ಚಿತ್ರದಲ್ಲಿ ಬಿಂಬ ಸರಿಯುವುದು ಒಂದು ಚುಕ್ಕೆಯಷ್ಟು. ಕಣ್ಣಿಗೆ ಗೊತ್ತೇ ಆಗದು. ಎಳೆದ ಚಿತ್ರದಲ್ಲಿ ಅದೇ ಕೈ, ಅದೇ ನಡುಕ, ಎಂಟು ಚುಕ್ಕೆಗಳಷ್ಟು ಉಜ್ಜಿಬಿಡುತ್ತದೆ! ಹಕ್ಕಿಯ ಜೊತೆಗೆ ನಾವು ನಮ್ಮ ಕೈನಡುಕವನ್ನೂ ಹತ್ತಿರ ಎಳೆದುಕೊಳ್ಳುತ್ತೇವೆ.

ಹಳೆಯ ಛಾಯಾಗ್ರಾಹಕರು ಇದಕ್ಕೊಂದು ಸುಲಭ ಸೂತ್ರ ಇಟ್ಟುಕೊಂಡಿದ್ದರು. 35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾದಲ್ಲಿ ಮಸೂರದ ಸಂಗಮದೂರ ಎಷ್ಟು ಮಿಲಿಮೀಟರೋ ಸೆಕೆಂಡಿನ ಅಷ್ಟನೇ ಭಾಗಕ್ಕಿಂತ ಹೆಚ್ಚು ಹೊತ್ತು ಷಟರ್ ತೆರೆದಿರಬಾರದು. ನಮ್ಮ ಪುಟ್ಟ ಕ್ಯಾಮೆರಾ ಆ ಲೆಕ್ಕದಲ್ಲಿ 25ರಿಂದ 250 ಮಿಲಿಮೀಟರಿನದು. ಹಾಗಾದರೆ ಎಳೆಯದಿದ್ದಾಗ 1/25 ಸೆಕೆಂಡು ನಡೆದೀತು, ಪೂರಾ ಎಳೆದಾಗ 1/250 ಬೇಕು. ಇಲ್ಲಿಯೇ ಇನ್ನೊಂದು ತೊಡಕು. ಪೂರಾ ಎಳೆದಾಗ ಈ ಮಸೂರದೊಳಗೆ ಬರುವ ಬೆಳಕು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಡಿಮೆ ಸಮಯ ಬೇಕಾದಾಗಲೇ ಕಡಿಮೆ ಬೆಳಕು! ಕ್ಯಾಮೆರಾ ಪಾಪ, ಷಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ; ಇಲ್ಲವೇ ಐಎಸ್ಒ ಅಂಕಿಯನ್ನು 800, 1600 ಎಂದು ಏರಿಸಿ ಬೆಳಕಿನ ಕೊರತೆ ತುಂಬಿಸಿಕೊಳ್ಳುತ್ತದೆ. ಇದರ ಬೆಳಕು ಹಿಡಿಯುವ ಚಿಪ್ಪು ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ್ದರಿಂದ ಐಎಸ್ಒ ಏರಿದಂತೆ ಚಿತ್ರದ ಮೇಲೆ ರವೆ ಚೆಲ್ಲಿದಂತಾಗುತ್ತದೆ.

ಇದನ್ನೆಲ್ಲ ಹಲಗೆಯ ಮೇಲೆ ಬರೆದು ಮಕ್ಕಳ ಪುಸ್ತಕ ನೋಡುತ್ತ ಹೋದೆ. ಕೊನೆಯ ಬೆಂಚಿನ ಹುಡುಗನೊಬ್ಬ 1/250 ಎಂದು ಬರೆದದ್ದನ್ನು 1/280 ಎಂದು ಬರೆದುಕೊಂಡಿದ್ದ, 57ನ್ನು 51 ಮಾಡಿದ್ದ. "ಎಲ್ಲಿ ಇಟ್ಟೀಯೋ ಲಕ್ಷ್ಯ?" ಎಂದು ಗದರಿಸಿದೆ. ಅವನು ತಲೆ ತಗ್ಗಿಸಿದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎತ್ತರದ ಹುಡುಗನೆಂದು ಹಿಂದೆ ಕೂರಿಸಿದವನು ನಾನೇ. ಅವನ ಪ್ರಗತಿಪತ್ರದಲ್ಲಿ 'ಗಮನ ಸಾಲದು' ಎಂದು ಎರಡು ಸಲ ಬರೆದವನೂ ನಾನೇ.

ರೊಟ್ಟಿ ಬಡಿದಂತೆ ಹಿಗ್ಗಿಸುವುದು

ಮಸುಕಿಗೆ ಇನ್ನೂ ಮೂರು ಕಾರಣ ಸಿಕ್ಕವು. ಮೊದಲನೆಯದು ಡಿಜಿಟಲ್ ಝೂಮ್. ಮಸೂರವೇ ಮುಂದೆ ಹೋಗಿ ಹತ್ತಿರ ಮಾಡುವುದು ಒಂದು ಬಗೆ; ಅದು ನಿಜವಾದ ಎಳೆತ. ಮಸೂರದ ಮಿತಿ ಮುಗಿದ ಮೇಲೂ ಗುಂಡಿ ಒತ್ತುತ್ತಲೇ ಇದ್ದರೆ ಕ್ಯಾಮೆರಾ ಚಿತ್ರದ ನಡುಭಾಗವನ್ನಷ್ಟೇ ಕತ್ತರಿಸಿ ಹಿಗ್ಗಿಸಿ ಕೊಡುತ್ತದೆ. ಅದೇ ಹಿಟ್ಟಿನ ಉಂಡೆಯನ್ನು ಇನ್ನಷ್ಟು ಅಗಲಕ್ಕೆ ಬಡಿದರೆ ರೊಟ್ಟಿ ತೆಳ್ಳಗಾಗುವುದೇ ಹೊರತು ಹಿಟ್ಟು ಹೆಚ್ಚುವುದಿಲ್ಲ. ಸಾಧಾರಣ ಮೊಬೈಲುಗಳಲ್ಲಿ ನಾವು ಎರಡು ಬೆರಳಿನಿಂದ ಹಿಗ್ಗಿಸುವುದೂ ಬಹುಮಟ್ಟಿಗೆ ಈ ಬಗೆಯದೇ. ಕ್ಯಾಮೆರಾದಲ್ಲಿ ಇದನ್ನು ಆರಿಸಿಡುವ ಅವಕಾಶವಿರುತ್ತದೆ. ಆರಿಸಿಡುವುದೇ ಕ್ಷೇಮ.

ಎರಡನೆಯದು ಗುರಿ. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಕ್ಯಾಮೆರಾ ದೂರವನ್ನು ಅಳೆದುಕೊಂಡು ಹಸಿರು ಚೌಕ ತೋರಿಸುತ್ತದೆ. ಆಮೇಲೆ ಪೂರ್ತಿ ಒತ್ತಬೇಕು. ನಮ್ಮ ಮಕ್ಕಳು ಗೋಲಿ ಹೊಡೆದಂತೆ ಒಂದೇ ಏಟಿಗೆ ಒತ್ತಿದ್ದರು. ಕ್ಯಾಮೆರಾ ಮುಂದಿನ ಹುಲ್ಲಿನ ಕಡ್ಡಿಯನ್ನೇ ಮುಖ್ಯವೆಂದು ತಿಳಿದು ಹಿಂದಿನ ಹಕ್ಕಿಯನ್ನು ಮಸುಕುಗೊಳಿಸಿತ್ತು. ಒಬ್ಬಳು ಕಾಡುಹೂವಿನ ಹತ್ತಿರ ಹೋಗಿ ಪೂರಾ ಎಳೆದು ತೆಗೆದಿದ್ದಳು. ಎಳೆದ ಮಸೂರಕ್ಕೆ ತೀರ ಹತ್ತಿರದ್ದು ಕಾಣದು. ನಿಮ್ಮ ಬೆರಳನ್ನು ಮೂಗಿನ ತುದಿಗೆ ತಂದು ನೋಡಿ. ಕಣ್ಣಿಗೂ ಅದೇ ಗತಿ. ಹೂವಿಗೆ ಮೂತಿಯನ್ನು ಒಳಗೆಳೆದುಕೊಂಡು, ಹೂವಿನ ಗುರುತಿರುವ ಸೌಲಭ್ಯ ಆರಿಸಿಕೊಂಡು ಹತ್ತಿರ ಹೋಗಬೇಕು.

ಮೂರನೆಯದು ನಮ್ಮ ಸೀಮೆಯದೇ ಆದ ಕಾರಣ: ಬಿಸಿಲು. ನಡುಹಗಲಲ್ಲಿ ಕಾದ ಬಂಡೆಯ ಮೇಲಿನ ಗಾಳಿ ಬಿಸಿಯಾಗಿ ಏಳುತ್ತದೆ, ತಂಪು ಗಾಳಿ ಇಳಿಯುತ್ತದೆ. ಎರಡರಲ್ಲೂ ಬೆಳಕಿನ ವಕ್ರೀಭವನ ಒಂದೇ ಸಮನಲ್ಲ. ಆದ್ದರಿಂದ ದೂರದ ವಸ್ತುವಿನಿಂದ ಬರುವ ಕಿರಣಗಳು ಕುಣಿಯುತ್ತ ಬರುತ್ತವೆ. ಡಾಂಬರು ರಸ್ತೆಯ ಮೇಲೆ ನೀರು ಕಂಡಂತೆ ಕಾಣಿಸುವ ಬಿಸಿಲುಗುದುರೆಯ ಹಿಂದಿರುವುದೂ ಬಿಸಿಗಾಳಿಯ ಇದೇ ಗುಣ. ಎಷ್ಟು ಬೆಲೆಯ ಮಸೂರ ತಂದರೂ ಕುಣಿಯುವ ಗಾಳಿಯನ್ನು ತಿದ್ದಲಾಗದು. ಇದಕ್ಕೆ ಮದ್ದು ಎರಡೇ: ಬೆಳಗಿನಲ್ಲಿ ಹೋಗುವುದು, ಹತ್ತಿರ ಹೋಗುವುದು.

ತೊಗರಿ ಚೀಲದ ಮೇಲೆ ಕ್ಯಾಮೆರಾ

ಫೆಬ್ರವರಿಯಲ್ಲಿ ಎರಡನೇ ಪ್ರವಾಸ. ಈ ಸಲ ನಸುಕಿನಲ್ಲೇ ಹೊರಟೆವು. ಐನಾಪುರದ ಕಡೆಯ ಹೊಲಗಳಲ್ಲಿ ತೊಗರಿ ರಾಶಿ ಮುಗಿದು ಬರೀ ಕೂಳೆ ನಿಂತಿತ್ತು. ಗುಡ್ಡದ ಅಂಚಿನಲ್ಲಿ ಮುತ್ತುಗದ ಮರಗಳು ಎಲೆಯುದುರಿಸಿ ಕೆಂಡದಂಥ ಹೂ ಬಿಡತೊಡಗಿದ್ದವು. ಏರುತ್ತಿದ್ದ ಸೂರ್ಯನ ಓರೆ ಬೆಳಕು ಪ್ರತಿ ಕಲ್ಲಿನ ಪಕ್ಕದಲ್ಲೂ ಒಂದು ನೆರಳನ್ನಿಟ್ಟು ಅದನ್ನು ಎದ್ದು ಕಾಣಿಸುತ್ತಿತ್ತು. ಮಳಖೇಡದ ಕೋಟೆಯಲ್ಲೋ ಚಿತ್ತಾಪುರದ ಬಳಿಯ ನಾಗಾವಿಯಲ್ಲೋ ಕೆತ್ತನೆಯ ಚಿತ್ರ ತೆಗೆಯುವವರೂ ಇದನ್ನು ನೆನಪಿಡಬೇಕು. ನಡುಹಗಲಲ್ಲಿ ಸಪಾಟಾಗಿ ಕಾಣುವ ಶಾಸನದ ಅಕ್ಷರಗಳು ಓರೆ ಬೆಳಕಿನಲ್ಲಿ ತಾವಾಗಿ ಓದಿಸಿಕೊಳ್ಳುತ್ತವೆ.

ಮುಕ್ಕಾಲಿ ಸ್ಟ್ಯಾಂಡು ನಮ್ಮಲ್ಲಿರಲಿಲ್ಲ. ಅದರ ಬದಲು ಒಬ್ಬ ಹುಡುಗಿ ಮನೆಯಿಂದ ಎರಡು ಸೇರು ತೊಗರಿಯನ್ನು ಬಟ್ಟೆಯ ಚೀಲದಲ್ಲಿ ತುಂಬಿ ಹೊಲಿದು ತಂದಿದ್ದಳು. ಚೀಲವನ್ನು ಬಂಡೆಯ ಮೇಲಿಟ್ಟು ಕ್ಯಾಮೆರಾವನ್ನು ಅದರೊಳಗೆ ಒತ್ತಿ ಕೂರಿಸಿದರೆ ಕಾಳುಗಳು ಸರಿದು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರ ಈ ಉಪಯೋಗ ಯಾರ ಪಟ್ಟಿಯಲ್ಲೂ ಇರಲಾರದು! ಗುಂಡಿ ಒತ್ತುವ ಬೆರಳು ಕೂಡ ಕ್ಯಾಮೆರಾವನ್ನು ಅಲುಗಿಸುತ್ತದೆ. ಅದಕ್ಕಾಗಿ ಎರಡು ಸೆಕೆಂಡಿನ ಟೈಮರ್ ಇಟ್ಟೆವು. ಒತ್ತಿ ಕೈ ತೆಗೆದರೆ ಅಲುಗಾಟ ನಿಂತ ಮೇಲೆ ಅದೇ ಚಿತ್ರ ತೆಗೆದುಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವವರು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಮರಕ್ಕೆ ಒರಗಿ, ಅರ್ಧ ಉಸಿರು ಬಿಟ್ಟು ಒತ್ತಬೇಕೆಂದು ಕಟ್ಟಳೆ ಮಾಡಿದೆವು. ಮಸೂರವನ್ನು ಅಂಗಿಯ ಚುಂಗಿನಿಂದ ಒರೆಸಬಾರದು. ಧೂಳು ಗಾಜನ್ನು ಗೀಚುತ್ತದೆ. ಒಗೆದ ಮೆತ್ತನೆಯ ಹಳೆಯ ಧೋತರದ ತುಂಡು ಸಾಕು.

ದಂಡೆಯಿಂದ ನೂರು ಹೆಜ್ಜೆಯಾಚೆ, ನೀರಿನ ನಡುವೆ ನಿಂತ ಒಣ ಮರದ ಬೊಡ್ಡೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿತ್ತು. ಮುಳುಗಿ ಮೀನು ಹಿಡಿಯುವ ಈ ಹಕ್ಕಿಯ ಗರಿಗಳು ನೀರಿನಲ್ಲಿ ನೆನೆಯುತ್ತವೆ. ಹಾಗಾಗಿ ಅದು ಹೀಗೆ ಬಹಳ ಹೊತ್ತು ಅಲುಗದೆ ಕೂರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು. ಸರದಿ ಕೊನೆಯ ಬೆಂಚಿನ ಆ ಹುಡುಗನದಾಗಿತ್ತು.

"ಆ ಬೊಡ್ಡೆಯ ಮೇಲಿನ ಹಕ್ಕಿ ತೆಗಿ" ಎಂದೆ.

"ಯಾವ ಬೊಡ್ಡಿ ಸರ್? ನನಗ ನೀರಷ್ಟೇ ಕಾಣ್ತದ್ರೀ."

ಉಳಿದವರು ನಕ್ಕರು. ನಾನೂ ತುಸು ರೇಗಿ, ಕ್ಯಾಮೆರಾವನ್ನು ಚೀಲದ ಮೇಲಿಟ್ಟು, ಎಳೆದು, ಗುರಿ ಹಿಡಿದು, "ಇಲ್ಲಿ ನೋಡು" ಎಂದೆ. ಅವನು ಪರದೆಯ ಹತ್ತಿರ ಬಗ್ಗಿದ.

"ಅಯ್ಯ! ರೆಕ್ಕಿ ಬಿಚ್ಚಿ ಕುಂತದಲ್ರೀ! ಕೊಕ್ಕಿನ ತುದಿ ಸುದ್ದಾ ಕಾಣ್ಲಿಕ್ಕತ್ತದ. ಮತ್ತ ಅಲ್ಲಿ ಯಾಕ ಕಾಣವಲ್ದು ಸರ್?"

ಮಕ್ಕಳು ಮತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಒಂದು ಅಡಿ ದೂರದ ಪರದೆಯಲ್ಲಿ ಕೊಕ್ಕಿನ ತುದಿ ಕಾಣುವ ಹುಡುಗನಿಗೆ ನೂರು ಹೆಜ್ಜೆಯಾಚೆ ಮರದ ಬೊಡ್ಡೆಯೇ ಕಾಣುವುದಿಲ್ಲ. ಇದು ಏನೆಂಬುದು ನಾನು ಪ್ರತಿವರ್ಷ ಪಾಠ ಮಾಡುವ ಪುಸ್ತಕದಲ್ಲಿ, ಚಿತ್ರಸಹಿತ, ಇದೆ. ಹತ್ತನೇ ತರಗತಿಯ ಪರೀಕ್ಷೆಗೆ ಬಹುಬಾರಿ ಬಂದ ಪ್ರಶ್ನೆ: ಸಮೀಪದೃಷ್ಟಿ ಎಂದರೇನು? ಅದನ್ನು ಯಾವ ಮಸೂರದಿಂದ ಸರಿಪಡಿಸಬಹುದು? ಉತ್ತರವನ್ನು ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಾನು, ನನ್ನ ಕೋಣೆಯ ಕೊನೆಯ ಬೆಂಚಿನಲ್ಲೇ ಕುಳಿತಿದ್ದ ಅದರ ಉದಾಹರಣೆಯನ್ನು ನೋಡಿರಲಿಲ್ಲ.

ಚಿತ್ರ ಅವನೇ ತೆಗೆದ. ಅರ್ಧ ಒತ್ತಿ, ಹಸಿರು ಚೌಕ ಹಕ್ಕಿಯ ಮೇಲೆ ಬಂದದ್ದನ್ನು ನೋಡಿ, ಪೂರ್ತಿ ಒತ್ತಿ, ಕೈ ತೆಗೆದು ಎರಡು ಸೆಕೆಂಡು ಉಸಿರು ಬಿಗಿಹಿಡಿದು ನಿಂತ.

ಮೈನಸ್ ಎರಡು

ಮರುವಾರ ಅವನ ಮನೆಗೆ ಹೋದೆ. ತಂದೆ ಹೊಲದಿಂದ ಆಗತಾನೆ ಬಂದಿದ್ದರು. "ಸರ್, ನಮ್ಮ ಮನ್ಯಾಗ ಯಾರಿಗೂ ಚಷ್ಮಾ ಇಲ್ರೀ. ಸಣ್ಣ ಹುಡುಗಗ ಯಾಕ? ಹ್ಯಾಂಗೂ ಅವನಿಗಿ ಓದು ಹತ್ತವಲ್ದು. ಈ ವರ್ಷ ಮುಗಿದ ಮ್ಯಾಲ ಹೊಲಕ್ಕ ಕರಕೋಬೇಕು ಅಂತ ಮಾಡೀವಿ" ಎಂದರು. ಅವರ ಈ ತೀರ್ಮಾನಕ್ಕೆ ಆಧಾರ ನಾನು ಬರೆದ 'ಗಮನ ಸಾಲದು' ಎಂಬ ಎರಡು ಪದಗಳು. ಅದನ್ನು ನಾನೇ ಅವರಿಗೆ ಹೇಳಬೇಕಾಯಿತು. ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆದ ದಿನ ಹುಡುಗ ತೊಗರಿ ರಾಶಿಗೆ ಹೋಗಿದ್ದನೆಂಬುದೂ ಆಗಲೇ ತಿಳಿದದ್ದು.

ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆವು. ಎರಡೂ ಕಣ್ಣಿಗೆ ಮೈನಸ್ ಎರಡು. ವಿದ್ಯಾರ್ಥಿಗಳೇ, ಈ ಅಂಕಿಯ ಅರ್ಥ ತಿಳಿಯಿರಿ. ಮಸೂರದ ಶಕ್ತಿಯನ್ನು ಡಯಾಪ್ಟರಿನಲ್ಲಿ ಅಳೆಯುತ್ತಾರೆ. ಒಂದನ್ನು ಆ ಅಂಕಿಯಿಂದ ಭಾಗಿಸಿದರೆ ಬರುವುದು ಮೀಟರಿನಲ್ಲಿ ದೂರ. ಎರಡು ಡಯಾಪ್ಟರ್ ಎಂದರೆ ಅರ್ಧ ಮೀಟರು. ಅಂದರೆ ಕನ್ನಡಕವಿಲ್ಲದೆ ಅವನ ಚೊಕ್ಕ ಜಗತ್ತು ಮುಗಿಯುತ್ತಿದ್ದುದು ಕಣ್ಣಿನಿಂದ ಐವತ್ತು ಸೆಂಟಿಮೀಟರಿಗೆ. ಪುಸ್ತಕ ಅದರೊಳಗೆ ಬರುತ್ತಿತ್ತು, ಕ್ಯಾಮೆರಾದ ಪರದೆ ಬರುತ್ತಿತ್ತು. ಕರಿಹಲಗೆ ಬರುತ್ತಿರಲಿಲ್ಲ. ದೂರದ ಬಿಂಬ ಅಕ್ಷಿಪಟಲದ ಮೇಲೆ ಬೀಳುವ ಬದಲು ಅದರ ಮುಂದೆಯೇ ಕೂಡಿಕೊಳ್ಳುತ್ತಿತ್ತು. ಕಿರಣಗಳನ್ನು ತುಸು ಹರಡಿಸುವ ನಿಮ್ನ ಮಸೂರ ಅದನ್ನು ಹಿಂದಕ್ಕೆ ತಳ್ಳಿ ಸರಿಯಾದ ಜಾಗಕ್ಕೆ ತರುತ್ತದೆ. ಹುಟ್ಟಿನಿಂದಲೂ ಲೋಕ ಹೀಗೇ ಇದೆ ಎಂದುಕೊಂಡ ಮಗು ದೂರು ಹೇಳುವುದಾದರೂ ಹೇಗೆ? ಬೇರೆಯವರಿಗೆ ಬೇರೆ ಕಾಣುತ್ತದೆಂಬುದೇ ಅದಕ್ಕೆ ಗೊತ್ತಿರುವುದಿಲ್ಲ.

ಕನ್ನಡಕ ಬಂದ ಮರುದಿನ ಹುಡುಗ ಶಾಲೆಗೆ ಓಡುತ್ತ ಬಂದು ಹೇಳಿದ ಮೊದಲ ಮಾತು ಪಾಠದ್ದಲ್ಲ. "ಸರ್, ಇವತ್ತ ಬಸ್ ದೂರದಾಗ ಇದ್ದಾಗೇ ಬೋರ್ಡ್ ಓದಿದ್ನರೀ." ಅಷ್ಟು ದಿನ ಅವನು ಬಂದ ಪ್ರತಿ ಬಸ್ಸಿನ ಹತ್ತಿರವೂ ಓಡಿಹೋಗಿ ನೋಡುತ್ತಿದ್ದನಂತೆ. ಈಗ ಅವನು ಹತ್ತನೇ ತರಗತಿಯಲ್ಲಿದ್ದಾನೆ, ಎರಡನೇ ಸಾಲಿನಲ್ಲಿ. ಅವನು ತೆಗೆದ ನೀರುಕಾಗೆಯ ಚಿತ್ರ ನಮ್ಮ ಪ್ರಯೋಗಾಲಯದ ಗೋಡೆಯ ಮೇಲಿದೆ. ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಎಣಿಸಬಹುದು.

ಹೋಗುವವರಿಗೆ

ಚಿಂಚೋಳಿಗೆ ಕಲಬುರಗಿಯಿಂದ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ವಾಡಿ–ಸಿಕಂದರಾಬಾದ್ ಮಾರ್ಗದ ಸೇಡಂ ಇಲ್ಲವೆ ತಾಂಡೂರಿನಲ್ಲಿ ಇಳಿಯಬಹುದು. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಮಳೆಗಾಲ ಕಳೆದು ಚಳಿಗಾಲ ಮುಗಿಯುವವರೆಗೆ ಒಳ್ಳೆಯ ಕಾಲ. ಮಳೆ ಚೆನ್ನಾಗಿ ಆದ ವರ್ಷ ಎತ್ತಿಪೋತ ಜಲಪಾತವನ್ನೂ ನೋಡಬಹುದು. ಬೆಳಿಗ್ಗೆ ಬೇಗ ಹೋಗಿ, ನೀರು ಬುತ್ತಿ ಜೊತೆಗಿರಲಿ, ಪ್ಲಾಸ್ಟಿಕ್ ಬಿಟ್ಟುಬರಬೇಡಿ. ಕ್ಯಾಮೆರಾ ಚಿಕ್ಕದೆಂದು ಹಿಂಜರಿಯಬೇಡಿ. ಬೆಳಗಿನ ಬೆಳಕು, ಅಲುಗದ ಆಸರೆ, ನಾಲ್ಕು ಹೆಜ್ಜೆ ಹತ್ತಿರ ಹೋಗುವ ತಾಳ್ಮೆ ಇದ್ದರೆ ಚಿತ್ರ ಚೊಕ್ಕವಾಗಿಯೇ ಬರುತ್ತದೆ.

ತಂದೆತಾಯಿಯರಲ್ಲಿ ಒಂದು ಮಾತು. ಇಂದು ಹೊತ್ತು ಮುಳುಗುವ ಮೊದಲು, ಒಳ್ಳೆಯ ಬೆಳಕಿರುವಾಗ, ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಿಂದ ಮಗುವನ್ನು ಇಪ್ಪತ್ತು ಅಡಿ ದೂರ ನಿಲ್ಲಿಸಿ. ಒಂದು ಕಣ್ಣನ್ನು ಒತ್ತದೆ ಅಂಗೈಯಿಂದ ಮರೆಮಾಡಿಸಿ ತಾರೀಖುಗಳನ್ನು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಅಕ್ಕ ಓದಿದ್ದನ್ನು ತಮ್ಮ ಓದದಿದ್ದರೆ, ಕಣ್ಣು ಕಿರಿದು ಮಾಡಿದರೆ, ಮುಂದೆ ಮುಂದೆ ಸರಿದರೆ ಬೈಯಬೇಡಿ. ಇದು ವೈದ್ಯರ ಪರೀಕ್ಷೆಗೆ ಬದಲಲ್ಲ, ವೈದ್ಯರ ಬಳಿ ಹೋಗಬೇಕೆಂಬ ಸೂಚನೆ ಮಾತ್ರ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು. ಶಾಲಾ ಮಕ್ಕಳ ಕಣ್ಣು ತಪಾಸಣೆ, ಬಡ ಮಕ್ಕಳಿಗೆ ಉಚಿತ ಕನ್ನಡಕ ಅದರಲ್ಲಿ ಸೇರಿವೆ. ಶಾಲೆಯಲ್ಲಿ ತಪಾಸಣೆಯ ದಿನ ಯಾವುದೆಂದು ಕೇಳಿಕೊಳ್ಳಿ. ಆ ಒಂದು ದಿನ ಮಾತ್ರ ಮಗುವನ್ನು ರಾಶಿಗೆ ಕರೆಯಬೇಡಿ.